ಉತಾರವನ್ನು ತಿದ್ದಿದವರು ಯಾರು?

ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯ ಹೆಸರನ್ನು ನೀವು ಕೇಳಿಯೇ ಇರುತ್ತೀರಿ. 1989ರಲ್ಲಿ ಕೃಷ್ಣಾ ತೀರದ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ, ತಾವೇ ಕೂಡಿಸಿದ ವಂತಿಗೆಯಿಂದ, ತಮ್ಮದೇ ದುಡಿಮೆಯಿಂದ ಅಲ್ಲಿ ಹೊಳೆಗೆ ಬ್ಯಾರೇಜು ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರವೆಂದು ಹೆಸರಾಯಿತು. ನೀರು ನಿಂತ ಕಡೆ ನೆಲದ ಬೆಲೆ ಏರುವುದು ಸಹಜ. ಅದರೊಡನೆ ಉತಾರದ ಒಂದೊಂದು ಅಂಕಿಯ ಬೆಲೆಯೂ ಏರುತ್ತದೆ. 3 ಎಕರೆ 20 ಗುಂಟೆ ಎಂಬಲ್ಲಿ ಮೂರು ಹೋಗಿ ಎರಡಾದರೆ ಒಂದು ಮನೆತನದ ಅನ್ನವೇ ಕಡಿಮೆಯಾದಂತೆ.

ಹಿಂದೆ ಉತಾರವು ತಲಾಠಿಯ ಕೈಬರಹದಲ್ಲಿತ್ತು. ಯಾರಾದರೂ ಅಂಕಿಯನ್ನು ಕೆರೆದು ತಿದ್ದಿದರೆ ಕಾಗದವೇ ಸಾಕ್ಷಿ ಹೇಳುತ್ತಿತ್ತು: ಮಸಿಯ ಬಣ್ಣ ಬೇರೆ, ಕೈಬರಹ ಬೇರೆ. 2000ದ ಸುಮಾರಿಗೆ ಕರ್ನಾಟಕ ಸರ್ಕಾರವು ‘ಭೂಮಿ’ ಯೋಜನೆಯಲ್ಲಿ ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವಾಯಿತು. ಗಣಕಯಂತ್ರದಲ್ಲಾದರೋ ಕೆರೆದ ಗುರುತು ಉಳಿಯುವುದಿಲ್ಲ. ಹಳೆಯ ಅಂಕಿ ಹೋದ ಜಾಗದಲ್ಲಿ ಹೊಸದು ಅಷ್ಟೇ ಸ್ವಚ್ಛವಾಗಿ ಕುಳಿತಿರುತ್ತದೆ. ಹಾಗಾದರೆ ಸಾಕ್ಷಿ ಹೇಳುವವರು ಯಾರು?

ಇಂತಹ ಲೆಕ್ಕಗಳನ್ನು ಸಾಲು ಮತ್ತು ಕಾಲಮುಗಳುಳ್ಳ ಕೋಷ್ಟಕಗಳಲ್ಲಿ ಇಡುವ ಕ್ರಮವುಂಟು. 1970ರಲ್ಲಿ ಎಡ್ಗರ್ ಕಾಡ್ ಎಂಬ ವಿಜ್ಞಾನಿ ಇದರ ತತ್ವವನ್ನು ವಿವರಿಸಿದನು. ಇದಕ್ಕೆ ರಿಲೇಷನಲ್ ಡೇಟಾಬೇಸ್ ಎಂದು ಹೆಸರು. ಅದರಲ್ಲಿ ‘ಟ್ರಿಗರ್’ ಎಂಬ ಒಂದು ಏರ್ಪಾಡನ್ನು ಮಾಡಬಹುದು. ಟ್ರಿಗರ್ ಎಂದರೆ ಬಂದೂಕಿನ ಕುದುರೆ. ಕುದುರೆಯನ್ನೆಳೆದರೆ ಗುಂಡು ಹಾರುವಂತೆ, ಕೋಷ್ಟಕದ ಸಾಲೊಂದನ್ನು ಮುಟ್ಟಿದೊಡನೆ ಈ ಏರ್ಪಾಡು ತಾನಾಗಿಯೇ ಕೆಲಸ ಮಾಡುತ್ತದೆ.

ಒಂದು ಉದಾಹರಣೆಯನ್ನು ನೋಡೋಣ. ನಿಮ್ಮ ಹೊಲದ ಮೇಲೆ ಸೊಸಾಯಿಟಿಯ 5,000 ರೂಪಾಯಿ ಬೋಜಾ ಇದೆಯೆಂದು ಭಾವಿಸಿ. ಗುಮಾಸ್ತನೊಬ್ಬನು ಅದನ್ನು 50,000 ಮಾಡಿದನು. ಆ ಕ್ಷಣವೇ ಟ್ರಿಗರು ಇನ್ನೊಂದು ಕೋಷ್ಟಕದಲ್ಲಿ ಹೊಸ ಸಾಲನ್ನು ಬರೆಯುತ್ತದೆ: ಹಿಂದೆ ಇದ್ದುದು 5,000, ಈಗ ಆದುದು 50,000, ತಿದ್ದಿದವನು ಇಂಥವನು, ದಿನ ಮತ್ತು ವೇಳೆ ಇಂಥದು. ಗುಮಾಸ್ತನು ಇದನ್ನು ಬರೆಯಬೇಕಾಗಿಲ್ಲ. ಮರೆತೆನೆಂದು ಹೇಳುವಂತೆಯೂ ಇಲ್ಲ. ಸಾಲನ್ನು ಪೂರ್ತಿ ಅಳಿಸಿದರೂ ಅದರ ಹಳೆಯ ರೂಪ ಈ ಸಾಕ್ಷಿಪುಸ್ತಕದಲ್ಲಿ ಉಳಿಯುತ್ತದೆ.

ಆದರೆ ಯಂತ್ರವೆಂದ ಮಾತ್ರಕ್ಕೆ ಕಣ್ಣು ಮುಚ್ಚಿ ನಂಬಬಾರದು. ಕಚೇರಿಯವರೆಲ್ಲರೂ ಒಂದೇ ಗುಪ್ತಪದದಿಂದ ಒಳಹೊಕ್ಕರೆ ಸಾಕ್ಷಿಪುಸ್ತಕದಲ್ಲಿ ಎಲ್ಲರಿಗೂ ಒಂದೇ ಹೆಸರು ಬರುತ್ತದೆ. ಕಳ್ಳನಾರು, ಸಾಚಾ ಯಾರು ತಿಳಿಯದು. ‘ಭೂಮಿ’ಯಲ್ಲಿ ನೌಕರರು ಬೆರಳಚ್ಚು ಒತ್ತಿ ಒಳಹೋಗುವ ಪದ್ಧತಿಯನ್ನು ತಂದುದರ ಮಹತ್ವ ಇಲ್ಲಿದೆ. ಇನ್ನು, ಟ್ರಿಗರನ್ನು ನಿಲ್ಲಿಸಿಡುವ ಅಧಿಕಾರ ಡೇಟಾಬೇಸಿನ ಮೇಲ್ವಿಚಾರಕನಿಗೆ ಇರುತ್ತದೆ. ಕೀಲಿಕೈ ಇದ್ದವನ ಮನೆಯಲ್ಲೇ ಸಾಕ್ಷಿಯೂ ಮಲಗಿದರೆ ಏನು ಫಲ? ಆದುದರಿಂದ ಸಾಕ್ಷಿಪುಸ್ತಕದ ಪ್ರತಿಯು ಬೇರೊಬ್ಬರ ವಶದಲ್ಲಿರಬೇಕು. ಅದನ್ನು ಆಗಾಗ ತೆರೆದು ಓದುವವರೂ ಇರಬೇಕು.

ಕೊನೆಯ ಮಾತೊಂದು. ಏನು ಬದಲಾಯಿತು ಎಂಬುದನ್ನು ಟ್ರಿಗರು ಹೇಳಬಲ್ಲದು. ಏಕೆ ಬದಲಾಯಿತೆಂಬುದನ್ನು ಅದು ತಾನಾಗಿ ಅರಿಯದು. ಅದಕ್ಕೆ ಖರೀದಿ ಪತ್ರ, ವಾಟ್ನಿ ಪತ್ರ, ಕಚೇರಿಯ ಆದೇಶ ಬೇಕು. ನೀವು ಉತಾರ ತೆಗೆಸಿದಾಗ ಹಳೆಯದರೊಡನೆ ಹೋಲಿಸಿ ನೋಡಿರಿ. ಅಂಕಿ ಬೇರೆಯಾಗಿದ್ದರೆ ಯಾವ ಆದೇಶದ ಮೇಲೆ ಬದಲಾಯಿತೆಂದು ಕೇಳಿರಿ. ಕೇಳುವವರಿದ್ದರೆ ಮಾತ್ರ ಸಾಕ್ಷಿಗೆ ಬೆಲೆ.