ಸೇಬಿನ ಮರದ ಸ್ವರಕ್ಷಣೆ

ವೈರಿ ಬಂದಾಗ ಪ್ರಾಣಿಯು ಓಡಬಲ್ಲದು. ಮರವಾದರೋ ನಿಂತಲ್ಲಿಯೇ ನಿಂತು ತನ್ನನ್ನು ಕಾಪಾಡಿಕೊಳ್ಳಬೇಕು. ಕೆಲವು ಸೇಬಿನ ಮರಗಳಿಗೆ ಈ ಶಕ್ತಿ ಹುಟ್ಟಿನಿಂದಲೇ ಬಂದಿದೆ.

ಸೇಬಿನ ಬದ್ಧವೈರಿಗಳಲ್ಲಿ ಉಣ್ಣೆಹೇನು ಒಂದು. ಉತ್ತರ ಅಮೆರಿಕ ಮೂಲದ ಈ ಸಣ್ಣ ಕೀಟವು ಮೈಮೇಲೆ ಬಿಳಿಯ ಮೇಣದೆಳೆಗಳನ್ನು ಹೊದ್ದುಕೊಂಡು, ಸೂಜಿಯಂತಹ ಬಾಯಿಯಿಂದ ತೊಗಟೆಯನ್ನು ಚುಚ್ಚಿ ರಸವನ್ನು ಹೀರುತ್ತದೆ. ಚುಚ್ಚಿದೆಡೆಯಲ್ಲಿ ಗಂಟುಗಳೇಳುತ್ತವೆ. ಕೊಂಬೆಯ ಮೇಲಿನ ಹೇನಿಗೆ ಔಷಧಿಯನ್ನು ಸಿಂಪಡಿಸಬಹುದು. ಮಣ್ಣಿನೊಳಗೆ ಬೇರನ್ನು ಹಿಡಿದು ಕುಳಿತ ಹೇನನ್ನು ಮುಟ್ಟುವುದು ಹೇಗೆ? 19ನೆಯ ಶತಮಾನದಲ್ಲಿ ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳ ಬೆಳೆಗಾರರನ್ನು ಈ ಪ್ರಶ್ನೆಯು ಕಂಗೆಡಿಸಿತು.

ಉತ್ತರ ದೊರೆತದ್ದು ಮರದಲ್ಲಿಯೇ. ನ್ಯೂಯಾರ್ಕ್ ಸಂಸ್ಥಾನದಲ್ಲಿ ಹುಟ್ಟಿದ ‘ನಾರ್ದರ್ನ್ ಸ್ಪೈ’ ಎಂಬ ತಳಿಯ ಬೇರಿನಲ್ಲಿ ಹೇನು ಸಾಮಾನ್ಯವಾಗಿ ನೆಲೆಯೂರಲಾರದು. ಅದಕ್ಕೆ ಬೇಕಾದ ಸೇಬಿನ ಕುಡಿಯನ್ನು ಕಸಿ ಮಾಡಿದರು. ಬೇರಿನ ಗುಣವು ಕೊಂಬೆಗೆ ಏರದಿದ್ದರೂ, ಕಣ್ಣಿಗೆ ಕಾಣದ ಬೇರು ಸುರಕ್ಷಿತವಾಯಿತು. 20ನೆಯ ಶತಮಾನದಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಈ ತಳಿಯನ್ನು ಇತರ ಬೇರುಸಸಿಗಳೊಡನೆ ಸಂಕರಗೊಳಿಸಿ ‘ಮಾಲಿಂಗ್-ಮರ್ಟನ್’ ಬೇರುಸಸಿಗಳನ್ನು ಪಡೆದರು. ಅವುಗಳಲ್ಲಿ ಎಂ.ಎಂ. 106, ಎಂ.ಎಂ. 111 ಎಂಬವು ಹಿಮಾಚಲ ಪ್ರದೇಶದ ತೋಟಗಳಿಗೂ ಬಂದಿವೆ.

ಆದರೆ ಕೀಟವೂ ಸುಮ್ಮನಿರುವುದಿಲ್ಲ. ದಕ್ಷಿಣ ಆಫ್ರಿಕ, ಆಸ್ಟ್ರೇಲಿಯಗಳಲ್ಲಿ ನಾರ್ದರ್ನ್ ಸ್ಪೈಯನ್ನೂ ಆಕ್ರಮಿಸಬಲ್ಲ ಹೇನುಗಳು ಕಾಣಿಸಿಕೊಂಡವು. ಹೊಸ ರಕ್ಷಣೆಗಾಗಿ ವಿಜ್ಞಾನಿಗಳು ಕಾಡುಸೇಬುಗಳ ಕಡೆಗೆ ತಿರುಗಬೇಕಾಯಿತು. ಆದುದರಿಂದ ಒಂದೇ ತಳಿಯನ್ನು ನಂಬಿ ಉಳಿದವನ್ನು ಕಡೆಗಣಿಸುವುದು ವಿವೇಕವಲ್ಲ. ಫಲ ಕಡಿಮೆಯೆಂದು ಇಂದು ನಾವು ಕಡಿಯಹೊರಟ ಮರದಲ್ಲಿಯೇ ನಾಳಿನ ತೋಟವನ್ನು ಕಾಯುವ ಗುಣ ಅಡಗಿರಬಹುದು.