ಮೂತ್ರಪಿಂಡ

ಮೂತ್ರಪಿಂಡವು ರಕ್ತವನ್ನು ಶೋಧಿಸಿ ಮೂತ್ರವನ್ನು ಉತ್ಪಾದಿಸುವ ಅಂಗ. ಮಾನವನಲ್ಲಿ ಬೆನ್ನುಮೂಳೆಯ ಇಕ್ಕೆಲಗಳಲ್ಲಿ ಹುರುಳಿಕಾಯಿ ಬೀಜದಾಕಾರದ ಎರಡು ಮೂತ್ರಪಿಂಡಗಳಿವೆ. ಯಕೃತ್ತು ಮೇಲಿರುವುದರಿಂದ ಬಲಭಾಗದ್ದು ಸಾಮಾನ್ಯವಾಗಿ ತುಸು ಕೆಳಗಿರುತ್ತದೆ.

ಕಾರ್ಯವಿಧಾನ

ಪ್ರತಿ ಮೂತ್ರಪಿಂಡದಲ್ಲಿ ಸರಾಸರಿ 10 ಲಕ್ಷದಷ್ಟು ನೆಫ್ರಾನ್‌ಗಳೆಂಬ ಸೂಕ್ಷ್ಮ ಘಟಕಗಳಿವೆ. ನೆಫ್ರಾನಿನ ಗ್ಲಾಮೆರುಲಸ್ ಎಂಬ ಲೋಮನಾಳಗಳ ಗುಚ್ಛದಲ್ಲಿ ರಕ್ತದ ಒತ್ತಡದಿಂದ ನೀರು, ಲವಣ, ಗ್ಲೂಕೋಸ್ ಹಾಗೂ ಯೂರಿಯಾ ಸೋಸಿ ಹೊರಬರುತ್ತವೆ. ರಕ್ತಕಣಗಳು ಮತ್ತು ಬಹುಪಾಲು ಪ್ರೋಟೀನುಗಳು ರಕ್ತದಲ್ಲಿಯೇ ಉಳಿಯುತ್ತವೆ. ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವ ಹೀಗೆ ಶೋಧನೆಗೊಂಡರೂ, ಅದರ ಶೇ. 99ರಷ್ಟನ್ನು ನೆಫ್ರಾನಿನ ನಾಳಿಕೆಗಳು ಹೀರಿಕೊಂಡು ರಕ್ತಕ್ಕೆ ಮರಳಿಸುತ್ತವೆ. ಉಳಿದ 1ರಿಂದ 2 ಲೀಟರ್ ಮಾತ್ರ ಮೂತ್ರವಾಗುತ್ತದೆ. ಇದು ಮೂತ್ರನಾಳಗಳ ಮೂಲಕ ಮೂತ್ರಕೋಶವನ್ನು ಸೇರಿ, ಅಲ್ಲಿ ಸಂಗ್ರಹಗೊಂಡು, ಬಳಿಕ ದೇಹದಿಂದ ವಿಸರ್ಜನೆಯಾಗುತ್ತದೆ.

ವೈಫಲ್ಯ

ನಾಶವಾದ ನೆಫ್ರಾನ್‌ಗಳು ಮತ್ತೆ ಹುಟ್ಟುವುದಿಲ್ಲ. ಅವುಗಳ ಕೆಲಸವನ್ನು ಉಳಿದವು ವಹಿಸಿಕೊಳ್ಳುವುದರಿಂದ ದೀರ್ಘಕಾಲೀನ ಮೂತ್ರಪಿಂಡ ರೋಗದ ಆರಂಭದಲ್ಲಿ ಸಾಮಾನ್ಯವಾಗಿ ಯಾವ ಲಕ್ಷಣವೂ ಕಾಣಿಸುವುದಿಲ್ಲ. ಮಧುಮೇಹ ಮತ್ತು ಅಧಿಕ ರಕ್ತದೊತ್ತಡ ಇದರ ಪ್ರಮುಖ ಕಾರಣಗಳಾಗಿವೆ. ಆದ್ದರಿಂದ ಇವುಗಳಿಂದ ಬಳಲುವವರಲ್ಲಿ ರಕ್ತದ ಕ್ರಿಯಾಟಿನಿನ್ ಹಾಗೂ ಮೂತ್ರದ ಆಲ್ಬುಮಿನ್ ಪ್ರಮಾಣವನ್ನು ನಿಯತವಾಗಿ ಪರೀಕ್ಷಿಸಲಾಗುತ್ತದೆ. ಮೂತ್ರಪಿಂಡಗಳು ಪೂರ್ಣವಾಗಿ ವಿಫಲವಾದಾಗ ಡಯಾಲಿಸಿಸ್ ಅಥವಾ ಮೂತ್ರಪಿಂಡದ ಕಸಿ ಅಗತ್ಯವಾಗುತ್ತದೆ.