ಮನೋವ್ಯಾಧಿಗೆ ಮಾತಿನ ಚಿಕಿತ್ಸೆ

ಶಹಾಬಾದದ ಕಲ್ಲುಗಣಿಯಲ್ಲಿ ಸಂಗಾತಿಯ ಮೇಲೆ ಬಂಡೆಯುರುಳಿದುದನ್ನು ಕಂಡವನಿಗೆ ತಿಂಗಳುಗಟ್ಟಲೆ ನಿದ್ದೆ ಹತ್ತದಿದ್ದರೆ, “ಅಂಜಿದ್ದಾನೆ, ತಾಯಿತ ಕಟ್ಟಿಸಿರಿ” ಎನ್ನುವವರೇ ಬಹಳ. ಎಷ್ಟು ಕೈ ತೊಳೆದರೂ ಮೈಲಿಗೆಯ ಶಂಕೆ ಬಿಡದ ಗೃಹಿಣಿಯನ್ನು ಮಡಿವಂತಳೆಂದು ಹೊಗಳುವರು, ಇಲ್ಲವೆ ಹಳಿಯುವರು. ಇವು ರೋಗಗಳೆಂಬುದನ್ನೂ ಗುಣವಾಗತಕ್ಕವೆಂಬುದನ್ನೂ ವಾಚಕರು ಅರಿಯಬೇಕು.

ಇವಕ್ಕೆ ಪ್ರಯೋಗಗಳಿಂದ ಸ್ಥಿರಪಟ್ಟ ಮಾತಿನ ಚಿಕಿತ್ಸೆಯುಂಟು. 1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರರು ತೋರಿದ ಕ್ರಮದಂತೆ ರೋಗಿಯು ಶಂಕೆಯ ವಸ್ತುವನ್ನು ಮುಟ್ಟಿಯೂ ಕೈ ತೊಳೆಯದಿರಲು ಕಲಿಯುವನು. ಬಹುಜನರಲ್ಲಿ ಭಯವು ಮೆಲ್ಲನೆ ಇಳಿಯುವದು. ಆಘಾತಗೊಂಡವನು ಆ ನೆನಪನ್ನು ತಜ್ಞರ ಮುಂದೆ ಕ್ರಮವಾಗಿ ಹೇಳಿ ಅದರ ಕಾಟವನ್ನು ಕಳೆದುಕೊಳ್ಳುವನು. ಇದು ಬರಿಯ ಸಮಾಧಾನದ ಮಾತಲ್ಲ. ವಾರವಾರವೂ ನಡೆಯತಕ್ಕ ಅಭ್ಯಾಸ.

ಆದುದರಿಂದಲೇ ದೂರದ ಆಸ್ಪತ್ರೆ ಸಾಲದು. 1985ರಲ್ಲಿ ನಿಮ್ಹಾನ್ಸ್ ಸಂಸ್ಥೆಯವರು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಆರಂಭಿಸಿದ ಕಾರ್ಯವೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಯೋಜನೆಗೆ ಮಾದರಿಯಾಯಿತು. 2017ರ ಕಾಯಿದೆಯು ಈ ಚಿಕಿತ್ಸೆಯನ್ನು ಹಕ್ಕೆಂದು ಸಾರಿತು. 2022ರಿಂದ 14416 ದೂರವಾಣಿಯಲ್ಲಿ ಕನ್ನಡದಲ್ಲಿಯೂ ಉಚಿತ ಸಲಹೆಯುಂಟು. ಆದರೂ ವಾಡಿಯ ಕೂಲಿಕಾರನು ಪ್ರತಿವಾರ ದಿನಗೂಲಿ ಬಿಟ್ಟು ಕಲಬುರಗಿಗೆ ಹೋಗಲಾರನು.

ನಾವು ಬೇಡುವದಿಷ್ಟೆ: ಸೇಡಂ, ಚಿತ್ತಾಪುರ, ಚಿಂಚೋಳಿ ಆಸ್ಪತ್ರೆಗಳಲ್ಲಿ ಗುಳಿಗೆಯ ಜೊತೆಗೆ, ಈ ವಿದ್ಯೆಯನ್ನೂ ನಮ್ಮ ಕಡೆಯ ಮಾತನ್ನೂ ಬಲ್ಲ ಒಬ್ಬರು ವಾರಕ್ಕೊಮ್ಮೆಯಾದರೂ ತಪ್ಪದೆ ಕೂಡ್ರಲಿ. ಮನೆಯವರೂ ನಾಚದೆ ಅಲ್ಲಿ ಹೋಗಿ ಕೇಳಲಿ. ಕೇಳುವವರಿಲ್ಲದೆ ಸರಕಾರದವರು ತಾವಾಗಿ ಕೊಡಲಾರರು.